ಜರ್ಮನಿ 1918: ಸೋಲು ಮೊದಲೋ, ದಂಗೆ ಮೊದಲೋ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೊದಲ ಮಹಾಯುದ್ಧದ ಕೊನೆಯ ಭಾಗ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, ‘ಮೇಡಂ, ಜರ್ಮನ್ ಸೇನೆ ಸೋತೇ ಇರಲಿಲ್ಲ. ಕದನವಿರಾಮದ ದಿನವೂ ಅದು ಫ್ರಾನ್ಸ್, ಬೆಲ್ಜಿಯಂ ನೆಲದಲ್ಲೇ ನಿಂತಿತ್ತು. ಒಳಗಿನವರು ದಂಗೆ ಎದ್ದು ಚಕ್ರವರ್ತಿಯನ್ನು ಇಳಿಸಿದ್ದರಿಂದ ಸೋಲಾಯಿತು’ ಎಂದ. ಯಾವುದೋ ವಿಡಿಯೋ ನೋಡಿದ್ದನಂತೆ. ನಕಾಶೆ ನೋಡಿದರೆ ಅವನು ಹೇಳಿದ್ದು ಪೂರ್ತಿ ಸುಳ್ಳು ಅನ್ನಿಸುವುದಿಲ್ಲ, ಹಾಗಾಗಿ ಉತ್ತರ ಕೊಡಲು ತಡವರಿಸಿದೆ. ನಾವಿಕರ ದಂಗೆ ಆಗದಿದ್ದರೆ ಚಕ್ರವರ್ತಿ, ಅಂದರೆ ಕೈಸರ್, ಉಳಿಯುತ್ತಿದ್ದನೇ? ಅವನಿಗೆ ಬೇರೆ ದಾರಿಗಳಿರಲಿಲ್ಲವೇ? ರಷ್ಯಾದ ಕ್ರಾಂತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಹೇಗೆ ಹೇಳಲಿ?

ಉತ್ತರ: ನಿಮ್ಮ ವಿದ್ಯಾರ್ಥಿ ನಕಾಶೆಯನ್ನು ಸರಿಯಾಗಿಯೇ ನೋಡಿದ್ದಾನೆ, ದಿನಾಂಕಗಳನ್ನು ನೋಡಿಲ್ಲ. ನೀವು ತಡವರಿಸಿದ್ದರಲ್ಲೂ ತಪ್ಪಿಲ್ಲ. ಈ ವಾದ ನೂರು ವರ್ಷ ಬಾಳಿರುವುದೇ ಅದರೊಳಗೆ ಒಂದೆರಡು ನಿಜದ ತುಣುಕುಗಳು ಸೇರಿಕೊಂಡಿರುವುದರಿಂದ. ಆ ತುಣುಕುಗಳನ್ನು ಒಪ್ಪಿಕೊಂಡೇ ಉಳಿದದ್ದನ್ನು ಬಿಡಿಸಬೇಕು.

ಮೊದಲು ಎರಡು ದಿನಾಂಕ. 1918ರ ಸೆಪ್ಟೆಂಬರ್ 29ರಂದು ಬೆಲ್ಜಿಯಂನ ಸ್ಪಾ ಪಟ್ಟಣದಲ್ಲಿದ್ದ ಸೇನಾ ಪ್ರಧಾನ ಕಚೇರಿಯಲ್ಲಿ ಜರ್ಮನ್ ಸೇನೆಯನ್ನು ನಡೆಸುತ್ತಿದ್ದ ಲುಡೆಂಡಾರ್ಫ್ ಮತ್ತು ಹಿಂಡೆನ್‌ಬರ್ಗ್, ಇನ್ನು ಯುದ್ಧ ಗೆಲ್ಲಲಾಗದು, ತಕ್ಷಣ ಕದನವಿರಾಮ ಕೇಳಬೇಕು ಎಂದು ಕೈಸರ್ ಎರಡನೇ ವಿಲ್‌ಹೆಲ್ಮ್‌ಗೆ ತಿಳಿಸಿದರು. ನಾವಿಕರು ಮೊದಲ ಬಾರಿಗೆ ಲಂಗರು ಎತ್ತಲು ಒಪ್ಪದೆ ನಿಂತದ್ದು ಅಕ್ಟೋಬರ್ 29ರ ರಾತ್ರಿ. ನಡುವೆ ಒಂದು ತಿಂಗಳ ಅಂತರವಿದೆ. ಸೋಲನ್ನು ಮೊದಲು ಒಪ್ಪಿಕೊಂಡದ್ದು ಸೈನ್ಯದ ತಲೆಯಾಳುಗಳು. ಬೀದಿ ಎದ್ದದ್ದು ಆಮೇಲೆ, ಬಹುಮಟ್ಟಿಗೆ ಆ ಒಪ್ಪಿಗೆಯ ಪರಿಣಾಮವಾಗಿಯೇ.

ಆ ಸೆಪ್ಟೆಂಬರ್ 29ಕ್ಕೆ ಬಂದು ತಲುಪಿದ್ದು ಹೇಗೆ ಎಂಬುದನ್ನು ತರಗತಿಯಲ್ಲಿ ನಿಧಾನವಾಗಿ ಹೇಳಿ. ಮಾರ್ಚ್ 3ರಂದು ಬ್ರೆಸ್ಟ್-ಲಿಟೋವ್ಸ್ಕ್ ಒಪ್ಪಂದದಿಂದ ರಷ್ಯಾ ಯುದ್ಧದಿಂದ ಹೊರಗಾಯಿತು. ಪೂರ್ವದಿಂದ ಬಿಡುವಾದ ಪಡೆಗಳನ್ನು ಪಶ್ಚಿಮಕ್ಕೆ ಸಾಗಿಸಿ, ಅಮೆರಿಕನ್ನರು ಪೂರ್ತಿ ಬಂದಿಳಿಯುವ ಮೊದಲೇ ಯುದ್ಧ ಮುಗಿಸಿಬಿಡಬೇಕೆಂದು ಲುಡೆಂಡಾರ್ಫ್ ಮಾರ್ಚ್ 21ರಿಂದ ಸರಣಿ ದಾಳಿಗಳನ್ನು ಆರಂಭಿಸಿದ. ಕಿಲೋಮೀಟರುಗಟ್ಟಲೆ ನೆಲ ಸಿಕ್ಕಿತು. ಆದರೆ ಜುಲೈ ಹೊತ್ತಿಗೆ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ 8 ಲಕ್ಷಕ್ಕೂ ಹೆಚ್ಚು ಜನ ಪಡೆಯಿಂದ ಹೋಗಿದ್ದರು. ಅವರ ಜಾಗಕ್ಕೆ ಹಾಕಲು ಆ ಗುಣಮಟ್ಟದ ಸೈನಿಕರು ಉಳಿದಿರಲಿಲ್ಲ. ಇನ್ನೊಂದು ಕಡೆ ಬೇಸಿಗೆಯಲ್ಲಿ ತಿಂಗಳಿಗೆ ಎರಡೂವರೆ ಲಕ್ಷದ ಲೆಕ್ಕದಲ್ಲಿ ಅಮೆರಿಕನ್ ಸೈನಿಕರು ಫ್ರಾನ್ಸಿಗೆ ಬಂದಿಳಿಯುತ್ತಿದ್ದರು. ಗೆದ್ದ ನೆಲವೇ ಹೊರೆಯಾಯಿತು: ಉಬ್ಬಿಕೊಂಡ ಗಡಿರೇಖೆ ಉದ್ದವಾಯಿತು, ಅದನ್ನು ಕಾಯುವ ಜನ ಕಡಿಮೆಯಾದರು.

ಜುಲೈ 18ರಂದು ಮಾರ್ನ್ ನದಿಯ ಬಳಿ ಪ್ರತಿದಾಳಿ ಶುರುವಾಯಿತು. ಆಗಸ್ಟ್ 8ರಂದು ಅಮಿಯಾಂ ಬಳಿ ಟ್ಯಾಂಕು, ಫಿರಂಗಿ, ವಿಮಾನಗಳನ್ನು ಒಟ್ಟಿಗೆ ಬಳಸಿದ ಮಿತ್ರಪಡೆಗಳು ಒಂದೇ ದಿನ 12 ಸಾವಿರಕ್ಕೂ ಹೆಚ್ಚು ಜರ್ಮನ್ನರನ್ನು ಸೆರೆಹಿಡಿದವು. ಲುಡೆಂಡಾರ್ಫ್ ಆ ದಿನವನ್ನು ಜರ್ಮನ್ ಸೇನೆಯ ಕರಾಳ ದಿನವೆಂದು ಕರೆದ. ಅವನನ್ನು ಕಾಡಿದ್ದು ನೆಲ ಹೋದದ್ದಕ್ಕಿಂತ ಹೆಚ್ಚಾಗಿ, ಗುಂಪುಗುಂಪಾಗಿ ಸೈನಿಕರು ಕೈ ಎತ್ತಿದ್ದು. ಜುಲೈ ಮಧ್ಯದಿಂದ ಯುದ್ಧ ಮುಗಿಯುವವರೆಗೆ ಪಶ್ಚಿಮ ರಣರಂಗದಲ್ಲಿ ಸುಮಾರು 3,85,000 ಜರ್ಮನ್ನರು ಸೆರೆಯಾದರು. ‘ಸೋಲದ ಸೇನೆ’ ಎನ್ನುವವರ ಮುಂದೆ ಮೊದಲು ಇಡಬೇಕಾದ ಸಂಖ್ಯೆ ಇದು.

ಸೆಪ್ಟೆಂಬರ್ 29ರಂದೇ ಇನ್ನೆರಡು ಪೆಟ್ಟುಗಳು ಬಿದ್ದವು. ಫ್ರಾನ್ಸಿನ ಸಾಂ ಕಾಂತ್ಯಾಂ ಕಾಲುವೆಯ ಬಳಿ ಜರ್ಮನ್ನರ ಮುಖ್ಯ ರಕ್ಷಣಾ ಸಾಲಾದ ಹಿಂಡೆನ್‌ಬರ್ಗ್ ರೇಖೆ ಒಡೆಯಿತು. ಅತ್ತ ಬಾಲ್ಕನ್‌ನಲ್ಲಿ ಬಲ್ಗೇರಿಯಾ ಕದನವಿರಾಮಕ್ಕೆ ಸಹಿ ಹಾಕಿತು. ಬಲ್ಗೇರಿಯಾ ಹೋದದ್ದು ಸಣ್ಣ ಸಂಗತಿ ಎಂದು ಪಠ್ಯಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಅದೇ ಕೊನೆಯ ಕೊಂಡಿ. ರುಮೇನಿಯಾದ ತೈಲಕ್ಕೆ, ಟರ್ಕಿಯ ರೈಲು ಸಂಪರ್ಕಕ್ಕೆ, ಆಸ್ಟ್ರಿಯಾದ ದಕ್ಷಿಣ ಬಾಗಿಲಿಗೆ ಒಟ್ಟಿಗೆ ಅಪಾಯ ಬಂತು. ತಡೆಯಲು ಕಳಿಸೋಣವೆಂದರೆ ಬಿಡುವಿನಲ್ಲಿದ್ದ ಪಡೆಗಳು ಇರಲಿಲ್ಲ. ಟರ್ಕಿಯ ಕಡೆಯ ಕುಸಿತದಲ್ಲಿ ನಮ್ಮ ನಾಡಿನ ಪಾಲೂ ಇದೆ. ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದ ಲ್ಯಾನ್ಸರ್‌ಗಳ ಜೊತೆ ಮೈಸೂರು ಲ್ಯಾನ್ಸರ್‌ಗಳೂ ಇದ್ದರು. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ. ಮಕ್ಕಳಿಗೆ ಇದನ್ನು ಹೇಳಿದರೆ ‘ಯುರೋಪಿನ ಯುದ್ಧ’ ಸ್ವಲ್ಪ ಹತ್ತಿರವಾಗುತ್ತದೆ. ಟರ್ಕಿ ಅಕ್ಟೋಬರ್ 30ರಂದು, ಆಸ್ಟ್ರಿಯಾ-ಹಂಗೇರಿ ನವೆಂಬರ್ 3ರಂದು ಕದನವಿರಾಮಕ್ಕೆ ಸಹಿ ಹಾಕಿದವು. ಆಮೇಲೆ ದಕ್ಷಿಣ ಜರ್ಮನಿಯ ಬವೇರಿಯಾದ ಗಡಿ ತೆರೆದುಕೊಂಡಿತು.

ಈಗ ನಕಾಶೆಯ ಪ್ರಶ್ನೆ. ಜರ್ಮನ್ ಸೇನೆ ಪರನೆಲದಲ್ಲಿ ನಿಂತದ್ದಕ್ಕೆ ಕಾರಣ, 1914ರಲ್ಲಿ ಅದು ಪರನೆಲಕ್ಕೆ ನುಗ್ಗಿ ಯುದ್ಧ ಆರಂಭಿಸಿದ್ದು. ಕದನವಿರಾಮದ ದಿನ ಅದು ಎಲ್ಲಿ ನಿಂತಿತ್ತು ಎಂದು ಕೇಳುವ ಬದಲು ಯಾವ ದಿಕ್ಕಿಗೆ ನಡೆಯುತ್ತಿತ್ತು ಎಂದು ಕೇಳಿ. ನವೆಂಬರ್ 11ರ ಹೊತ್ತಿಗೆ ಕೆನಡಿಯನ್ನರು ಬೆಲ್ಜಿಯಂನ ಮಾನ್ಸ್ ತಲುಪಿದ್ದರು, ಫ್ರೆಂಚರೂ ಅಮೆರಿಕನ್ನರೂ ಫ್ರಾನ್ಸಿನ ಸೆಡಾನ್ ಅಂಚಿನಲ್ಲಿದ್ದರು. ಇನ್ನೊಂದು ತಿದ್ದುಪಡಿ: ಜರ್ಮನ್ ನೆಲದಲ್ಲಿ ಶತ್ರು ಸೈನಿಕರೇ ಇರಲಿಲ್ಲ ಎಂಬುದೂ ಅಕ್ಷರಶಃ ಸರಿಯಲ್ಲ. ಆಗ ಜರ್ಮನಿಗೆ ಸೇರಿದ್ದ ಅಲ್ಸೇಸ್‌ನ ತಾನ್ ಪಟ್ಟಣದ ಸುತ್ತಲಿನ ಒಂದು ಮೂಲೆ 1914ರಿಂದಲೂ ಫ್ರೆಂಚರ ಕೈಯಲ್ಲಿತ್ತು.

ಹಾಗಾದರೆ ದಂಗೆ ಏಕೆ ಎದ್ದಿತು? ಸೋಲಿನ ಸುದ್ದಿ ಜನರಿಗೆ ಬಂದ ಬಗೆ ಇಲ್ಲಿ ಮುಖ್ಯ. ನಾಲ್ಕು ವರ್ಷ ಗೆಲುವಿನ ಸುದ್ದಿಯನ್ನೇ ಓದಿದ್ದವರಿಗೆ ಅಕ್ಟೋಬರ್ ಮೊದಲ ವಾರದಲ್ಲಿ ಸರ್ಕಾರ ಅಮೆರಿಕದ ಅಧ್ಯಕ್ಷ ವಿಲ್ಸನ್‌ಗೆ ಶಾಂತಿ ಕೇಳಿದ್ದು ಗೊತ್ತಾಯಿತು. ಅದಕ್ಕೂ ಮೊದಲೇ ಮನೆಯೊಳಗೆ ಸಹನೆ ತೀರಿತ್ತು. ಬ್ರಿಟಿಷ್ ದಿಗ್ಬಂಧನ, ಕೆಟ್ಟ ಆಲೂಗಡ್ಡೆ ಬೆಳೆ, ಹದಗೆಟ್ಟ ಹಂಚಿಕೆ ಸೇರಿ 1916-17ರ ಚಳಿಗಾಲದಲ್ಲಿ ಜನ ಜಾನುವಾರುಗಳ ಮೇವಾಗಿದ್ದ ಟರ್ನಿಪ್ ಗೆಡ್ಡೆ ತಿಂದು ಬದುಕಿದ್ದರು. 1918ರ ಜನವರಿಯಲ್ಲಿ ಬರ್ಲಿನ್ ಒಂದರಲ್ಲೇ ಲಕ್ಷಗಟ್ಟಲೆ ಕಾರ್ಮಿಕರು ಮುಷ್ಕರ ಹೂಡಿದರು. ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದಲ್ಲಿ ಆಗಲೂ ತೆರಿಗೆಯ ಲೆಕ್ಕದಲ್ಲಿ ಮತಕ್ಕೆ ಬೆಲೆ ಕಟ್ಟುವ ಮೂರು ವರ್ಗಗಳ ಮತದಾನ ಪದ್ಧತಿ ಇತ್ತು. ಅದನ್ನು ಬದಲಿಸುವುದಾಗಿ 1917ರ ಈಸ್ಟರ್‌ನಲ್ಲಿ ಕೈಸರ್ ಮಾತು ಕೊಟ್ಟ, ನಡೆಸಲಿಲ್ಲ. ಮಗನನ್ನು ಯುದ್ಧಕ್ಕೆ ಕಳಿಸಿ, ಮತದಾನದಲ್ಲಿ ಮೂರನೇ ದರ್ಜೆಯಲ್ಲೇ ಉಳಿದ ಮನುಷ್ಯನ ಸಿಟ್ಟನ್ನು ಅರ್ಥಮಾಡಿಕೊಳ್ಳದೆ ನವೆಂಬರ್ ಅರ್ಥವಾಗುವುದಿಲ್ಲ.

ವಿದ್ಯಾರ್ಥಿಯ ವಾದದಲ್ಲಿರುವ ನಿಜದ ತುಣುಕು ಇಲ್ಲಿದೆ, ಇದನ್ನು ಮುಚ್ಚಿಡಬೇಡಿ. ಹಸಿವು, ಮುಷ್ಕರ, ರಜೆಯಿಂದ ಮರಳದ ಸೈನಿಕರು, ಇವೆಲ್ಲ ಜರ್ಮನಿಯ ಶಕ್ತಿಯನ್ನು ಕುಗ್ಗಿಸಿದ್ದು ಹೌದು. ಕೈಸರ್ ಇಳಿದ ನವೆಂಬರ್ 9ರ ನಂತರ ಕದನವಿರಾಮದ ಷರತ್ತುಗಳ ಮೇಲೆ ಚೌಕಾಸಿ ಮಾಡುವ ಅಲ್ಪ ಅವಕಾಶವೂ ಹೋದದ್ದು ಹೌದು. ಆದರೆ ಇದು ಗೆಲ್ಲುತ್ತಿದ್ದ ಯುದ್ಧವನ್ನು ಸೋಲಿಸಲಿಲ್ಲ, ಸೋತಿದ್ದ ಯುದ್ಧವನ್ನು ಇನ್ನಷ್ಟು ವಾರ ಎಳೆಯಲಾಗದಂತೆ ಮಾಡಿತು, ಅಷ್ಟೆ.

ನಾವಿಕರ ದಂಗೆಯ ತಕ್ಷಣದ ಕಾರಣವೂ ಇದನ್ನೇ ತೋರಿಸುತ್ತದೆ. ಶಾಂತಿ ಮಾತುಕತೆ ನಡೆಯುತ್ತಿರುವಾಗ, ಅಕ್ಟೋಬರ್ 24ರಂದು, ಬ್ರಿಟಿಷ್ ನೌಕಾಪಡೆಯ ಮೇಲೆ ಕೊನೆಯ ಮಹಾದಾಳಿಗೆ ನೌಕಾಧಿಪತಿಗಳು ಯೋಜನೆ ಸಿದ್ಧಪಡಿಸಿದರು. ಸರ್ಕಾರದ ಮುಖ್ಯಸ್ಥನಾದ ಚಾನ್ಸಲರ್‌ಗೆ ಅದರ ಸುಳಿವೂ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿನಲ್ಲಿ ಅಧಿಕಾರಿಗಳ ಮಾನಕ್ಕಾಗಿ ತಾವು ಸಾಯಬೇಕೆಂದು ಹಡಗಿನ ಕೆಳಗೆ ಕಲ್ಲಿದ್ದಲು ಹಾಕುವವರಿಗೆ ಅನ್ನಿಸಿತು. ವಿಲ್‌ಹೆಲ್ಮ್ಸ್‌ಹಾಫೆನ್ ನೌಕಾನೆಲೆಯ ಹೊರಗೆ ‘ಥೂರಿಂಗನ್’, ‘ಹೆಲ್ಗೊಲಾಂಡ್’ ಮೊದಲಾದ ಹಡಗುಗಳಲ್ಲಿ ಆಜ್ಞೆ ಮೀರಿದರು. ಹಾಗೆ ಆಜ್ಞೆ ಮೀರಿ ಬಂಧಿತರಾದವರನ್ನು ಬಿಡಿಸಲು ನವೆಂಬರ್ 3ರಂದು ಕೀಲ್ ನಗರದಲ್ಲಿ ನಡೆದ ಮೆರವಣಿಗೆಯ ಮೇಲೆ ಗುಂಡು ಹಾರಿ ಕನಿಷ್ಠ 7 ಜನ ಸತ್ತರು. ಮರುದಿನ ಕೀಲ್ ನಾವಿಕರ, ಕಾರ್ಮಿಕರ ಮಂಡಲಿಗಳ ಕೈಗೆ ಬಂತು. ಅಲ್ಲಿಂದ ಸುದ್ದಿ ರೈಲಿನ ವೇಗದಲ್ಲೇ ಹರಡಿತು, ಹರಡಿದವರೂ ರೈಲಿನಲ್ಲಿ ಹೊರಟ ನಾವಿಕರೇ. ನವೆಂಬರ್ 7ರ ರಾತ್ರಿ ಬವೇರಿಯಾದ ರಾಜ ಮೂರನೇ ಲುಡ್ವಿಗ್ ಮ್ಯೂನಿಕ್ ಬಿಟ್ಟು ಹೋದ. ಸಾಮ್ರಾಜ್ಯದಲ್ಲಿದ್ದ 22 ಅರಸೊತ್ತಿಗೆಗಳೂ ಆ ತಿಂಗಳೊಳಗೆ ಮುಗಿದವು. ಹೆಚ್ಚಿನ ಕಡೆ ರಕ್ತವೇ ಹರಿಯಲಿಲ್ಲ, ಏಕೆಂದರೆ ಕಾಪಾಡಲು ಯಾರೂ ಬರಲಿಲ್ಲ.

ನಾವಿಕರು ಏಳದಿದ್ದರೆ ಕೈಸರ್ ಉಳಿಯುತ್ತಿದ್ದನೇ? ಅಕ್ಟೋಬರ್ 23ರ ವಿಲ್ಸನ್ ಪತ್ರದ ನಂತರ ಅದು ಕಷ್ಟವಿತ್ತು. ಜರ್ಮನಿಯ ಸೇನಾನಾಯಕರು ಮತ್ತು ನಿರಂಕುಶ ಅರಸರ ಜೊತೆಗೇ ವ್ಯವಹರಿಸಬೇಕಾದರೆ ಮಾತುಕತೆಯಲ್ಲ, ಶರಣಾಗತಿಯನ್ನೇ ಕೇಳಬೇಕಾಗುತ್ತದೆ ಎಂಬುದು ಅದರ ಸಾರ. ಹೆಸರು ಹೇಳದಿದ್ದರೂ ಜನ ಅದನ್ನು ಓದಿಕೊಂಡದ್ದು ಒಂದೇ ರೀತಿಯಲ್ಲಿ: ಈ ಮನುಷ್ಯ ಇರುವವರೆಗೆ ಶಾಂತಿ ಇಲ್ಲ. ಅಲ್ಲಿಯವರೆಗೆ ಗಣರಾಜ್ಯ ಬೇಕೆಂದು ಬೀದಿಗಿಳಿದವರು ಕಡಿಮೆ, ರೊಟ್ಟಿ ಮತ್ತು ಶಾಂತಿ ಬೇಕೆಂದವರು ಹೆಚ್ಚು. ಶಾಂತಿಗೆ ಅಡ್ಡವಾಗಿ ಒಬ್ಬ ವ್ಯಕ್ತಿ ಕಂಡಾಗ ಎರಡು ಬೇಡಿಕೆಗಳೂ ಒಂದಾದವು.

ಅವನ ಮುಂದೆ ದಾರಿಗಳು ಇದ್ದವು. ಒಂದೊಂದರ ಅಪಾಯವನ್ನೂ ತೂಗಿ ನೋಡಿ.

ಅಕ್ಟೋಬರ್ ಆರಂಭದಲ್ಲೇ ಸಿಂಹಾಸನ ಬಿಟ್ಟು, 12 ವರ್ಷದ ಮೊಮ್ಮಗನ ಹೆಸರಿನಲ್ಲಿ ರಾಜಪ್ರತಿನಿಧಿಯೊಬ್ಬನನ್ನು ನೇಮಿಸುವುದು ಒಂದು. ನನ್ನ ಅಂದಾಜಿನಲ್ಲಿ ಅರಸೊತ್ತಿಗೆ ಉಳಿಯುವ ಸಾಧ್ಯತೆ ಇದ್ದದ್ದು ಇದರಲ್ಲಿ ಮಾತ್ರ. ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ನಾಯಕ ಎಬರ್ಟ್ ಕೂಡ ಇದಕ್ಕೆ ವಿರೋಧಿಯಲ್ಲ. ಲುಡೆಂಡಾರ್ಫ್ ಜಾಗಕ್ಕೆ ಬಂದಿದ್ದ ಜನರಲ್ ಗ್ರೋನರ್‌ಗೆ ನವೆಂಬರ್ 6ರಂದು ಅವನೇ ಇಂಥ ಸಲಹೆ ಕೊಟ್ಟ. ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು. ತಂದೆಯನ್ನು ಬಲವಂತದಿಂದ ಇಳಿಸಿದರೆ ತಾವು ಯಾರೂ ಆ ಹೊಣೆ ಹೊರುವುದಿಲ್ಲ ಎಂದು ರಾಜಕುಮಾರರು ಪಟ್ಟು ಹಿಡಿದಿದ್ದರು. ಕೈಸರ್ ಮಾತ್ರ ಅಕ್ಟೋಬರ್ 29ರಂದು ರಾಜಧಾನಿಯ ಒತ್ತಡ ತಪ್ಪಿಸಿಕೊಂಡು ಸ್ಪಾಗೆ ಹೊರಟುಹೋದ. ಆ ಪ್ರಯಾಣದಿಂದ, ತೀರ್ಮಾನ ಬೇಕಾದ ವಾರದಲ್ಲಿ ತೀರ್ಮಾನ ಮಾಡಬೇಕಾದವನೇ ಊರಲ್ಲಿಲ್ಲದಂತಾಯಿತು.

ಎರಡನೆಯದು, ಸೇನೆಯ ಮುಂದೆ ತಾನೇ ನಡೆದು ಬರ್ಲಿನ್ ಮೇಲೆ ದಾಳಿ. ಕೈಸರ್ ಇದನ್ನು ಗಂಭೀರವಾಗಿಯೇ ಯೋಚಿಸಿದ್ದ. ಕೊಲೋನ್ ಆಗಲೇ ಮಂಡಲಿಗಳ ಕೈಯಲ್ಲಿತ್ತು. ರೈನ್ ನದಿಯ ಸೇತುವೆ, ಉಗ್ರಾಣ, ರೈಲು ತಪ್ಪಿದರೆ ಸೇನೆಗೆ ದವಸವೂ ಇಲ್ಲ, ಮದ್ದುಗುಂಡೂ ಇಲ್ಲ. ಬೆನ್ನ ಹಿಂದೆ ಮಿತ್ರಪಡೆಗಳು. ನವೆಂಬರ್ 9ರ ಬೆಳಗ್ಗೆ ರಣರಂಗದಿಂದ ಕರೆಸಿದ 39 ಅಧಿಕಾರಿಗಳನ್ನು ಕೇಳಲಾಯಿತು: ಕೈಸರನ ಹಿಂದೆ ನಿಮ್ಮ ಸೈನಿಕರು ಕ್ರಾಂತಿಯನ್ನು ಅಡಗಿಸಲು ಬರುತ್ತಾರೆಯೇ? ಹೌದು ಎಂದವನು 1. ಇಲ್ಲ ಎಂದವರು 23. ಉಳಿದ 15 ಮಂದಿ ಖಚಿತವಾಗಿ ಹೇಳಲಿಲ್ಲ. ಇವರು ಕಮ್ಯೂನಿಸ್ಟರಲ್ಲ, ನಾವಿಕರಲ್ಲ, ಕೈಸರನಿಗೆ ಪ್ರಮಾಣ ಮಾಡಿದ ಅಧಿಕಾರಿಗಳು. ಸೇನೆ ತನ್ನ ಸೇನಾಪತಿಗಳ ಕೈಕೆಳಗೆ ಶಿಸ್ತಿನಿಂದ ಮನೆಗೆ ಮರಳುತ್ತದೆ, ಕೈಸರನ ಕೈಕೆಳಗೆ ಅಲ್ಲ ಎಂದು ಗ್ರೋನರ್ ಅವನ ಮುಖಕ್ಕೇ ಹೇಳಿದ. ಹಿಂಡೆನ್‌ಬರ್ಗ್‌ಗೆ ಆ ಮಾತು ಗಂಟಲಿನಿಂದ ಹೊರಡಲಿಲ್ಲ.

ಮೂರನೆಯದು ವಿಚಿತ್ರವಾದದ್ದು. ಜರ್ಮನ್ ಚಕ್ರವರ್ತಿಯ ಪಟ್ಟ ಬಿಟ್ಟು ಪ್ರಷ್ಯಾದ ರಾಜನಾಗಿ ಉಳಿಯುತ್ತೇನೆ ಎಂದ. ಸಾಮ್ರಾಜ್ಯದ ಸಂವಿಧಾನದ 11ನೇ ವಿಧಿಯ ಪ್ರಕಾರ ಪ್ರಷ್ಯಾದ ರಾಜನೇ ಚಕ್ರವರ್ತಿ, ಎರಡನ್ನೂ ಬೇರ್ಪಡಿಸುವ ದಾರಿಯೇ ಇರಲಿಲ್ಲ. ಸ್ಪಾದಲ್ಲಿ ಆ ಪತ್ರದ ಒಕ್ಕಣೆ ನಡೆಯುತ್ತಿರುವಾಗಲೇ, ಬರ್ಲಿನ್‌ನಲ್ಲಿ ಚಾನ್ಸಲರ್ ಮ್ಯಾಕ್ಸ್ ರಾಜಕುಮಾರ ಒಪ್ಪಿಗೆಗೆ ಕಾಯದೆ ಪದತ್ಯಾಗವನ್ನು ಘೋಷಿಸಿ, ಅಧಿಕಾರವನ್ನು ಎಬರ್ಟ್ ಕೈಗೆ ಕೊಟ್ಟ. ಮಧ್ಯಾಹ್ನ ಸುಮಾರು 2 ಗಂಟೆಗೆ ಎಬರ್ಟ್ ಪಕ್ಷದ ಇನ್ನೊಬ್ಬ ನಾಯಕ ಶೈಡೆಮನ್ ಸಂಸತ್ ಭವನದ ಕಿಟಕಿಯಿಂದ ಗಣರಾಜ್ಯ ಘೋಷಿಸಿದ. ಸಂಜೆಯ ಹೊತ್ತಿಗೆ ತೀವ್ರ ಎಡಪಂಥದ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಅರಮನೆಯ ಬಳಿ ಸಮಾಜವಾದಿ ಗಣರಾಜ್ಯ ಘೋಷಿಸಿದ.

ರಣರಂಗಕ್ಕೆ ಹೋಗಿ ಗುಂಡಿಗೆ ಎದೆಕೊಟ್ಟರೆ ವಂಶದ ಮಾನ ಉಳಿದೀತು ಎಂದವರೂ ಇದ್ದರು. ಅವನು ಒಪ್ಪಲಿಲ್ಲ. ಅದಕ್ಕಾಗಿ ಇನ್ನಷ್ಟು ಸೈನಿಕರು ಸಾಯಬೇಕಾಗುತ್ತಿತ್ತು, ಹಾಗಾಗಿ ಅವನು ಒಪ್ಪದಿದ್ದುದೇ ಸರಿ. ಅಲ್ಲೇ ಉಳಿದರೆ ಸೆರೆಯಾಗುವ ಭಯ. ಜುಲೈನಲ್ಲಷ್ಟೇ ರಷ್ಯಾದ ಮಾಜಿ ಸಾರ್ (ಚಕ್ರವರ್ತಿ) ನಿಕೋಲಸ್ ಮತ್ತು ಅವನ ಕುಟುಂಬದ ಹತ್ಯೆಯಾಗಿತ್ತು. ನವೆಂಬರ್ 10ರ ಬೆಳಗ್ಗೆ ಐಸ್ಡೆನ್ ಎಂಬಲ್ಲಿ ಗಡಿ ದಾಟಿ ನೆದರ್‌ಲ್ಯಾಂಡ್ಸ್ ಸೇರಿದ. ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದ್ದು ನವೆಂಬರ್ 28ರಂದು. ಪಠ್ಯಪುಸ್ತಕಗಳಲ್ಲಿ ನವೆಂಬರ್ 9 ಮತ್ತು 28 ಎರಡೂ ಸಿಗುವುದು ಇದಕ್ಕೇ. ಮೊದಲನೆಯದು ಘೋಷಣೆ, ಎರಡನೆಯದು ಸಹಿ.

ರಷ್ಯಾದ ಹೋಲಿಕೆಯನ್ನು ಚಿಕ್ಕದಾಗಿಯೇ ಹೇಳಿ. ಎರಡೂ ಕಡೆ ಅರಸನ ಹಣೆಬರಹ ಬರೆದವರು ಸೇನಾನಾಯಕರೇ. 1917ರ ಮಾರ್ಚ್‌ನಲ್ಲಿ ಪ್ಸ್ಕೋವ್‌ನಲ್ಲಿದ್ದ ನಿಕೋಲಸ್‌ಗೆ ದಂಡನಾಯಕರು ಪದತ್ಯಾಗ ಮಾಡಿ ಎಂದು ತಂತಿ ಕಳಿಸಿದರು. ವ್ಯತ್ಯಾಸ ಯುದ್ಧದ ಗಡಿಯಾರದಲ್ಲಿದೆ. ಅಲ್ಲಿ ಅರಸ ಹೋದ ಮೇಲೂ ಹೊಸ ಸರ್ಕಾರ ಯುದ್ಧ ಮುಂದುವರಿಸಿತು, ಆ ಯುದ್ಧವೇ ಆ ಸರ್ಕಾರವನ್ನು ನುಂಗಿತು. ಇಲ್ಲಿ ಅರಸ ಹೋದ ಎರಡೇ ದಿನಕ್ಕೆ ಯುದ್ಧ ನಿಂತಿತು. ನವೆಂಬರ್ 10ರಂದು ಎಬರ್ಟ್ ಮತ್ತು ಗ್ರೋನರ್ ಮಾಡಿಕೊಂಡ ಒಡಂಬಡಿಕೆಯಿಂದ ಹಳೆಯ ಅಧಿಕಾರಿವರ್ಗವೂ ಉಳಿಯಿತು. ಅದಕ್ಕೆ ಹೊಸ ಗಣರಾಜ್ಯ ತೆತ್ತ ಬೆಲೆ ದೊಡ್ಡದು.

ಅದರಲ್ಲಿ ಮೊದಲ ಕಂತು ಈ ಸುಳ್ಳೇ. ಸೆಪ್ಟೆಂಬರ್ ಕೊನೆಯಲ್ಲಿ ಲುಡೆಂಡಾರ್ಫ್ ಕದನವಿರಾಮದ ಜೊತೆಗೆ ಇನ್ನೊಂದನ್ನೂ ಕೇಳಿದ್ದ: ಸಂಸತ್ತಿನ ಪಕ್ಷಗಳು ಸರ್ಕಾರಕ್ಕೆ ಬರಲಿ. ಅವರು ಬೇಯಿಸಿಟ್ಟದ್ದನ್ನು ಅವರೇ ಉಣ್ಣಲಿ ಎಂಬ ಅರ್ಥದಲ್ಲಿ ಅವನು ತನ್ನ ಅಧಿಕಾರಿಗಳ ಮುಂದೆ ಮಾತಾಡಿದ್ದನ್ನು ಅಲ್ಲಿದ್ದವರೊಬ್ಬರು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಕೊಂಪಿಯೇನ್ ಕಾಡಿನ ರೈಲು ಬೋಗಿಯಲ್ಲಿ ಕದನವಿರಾಮಕ್ಕೆ ಸಹಿ ಹಾಕಿದ ನಿಯೋಗದ ಮುಖ್ಯಸ್ಥ ಎರ್ಜ್‌ಬರ್ಗರ್ ಎಂಬ ರಾಜಕಾರಣಿ, ದಂಡನಾಯಕನಲ್ಲ. 5,000 ಫಿರಂಗಿ, 25,000 ಮೆಷಿನ್‌ಗನ್, 5,000 ರೈಲು ಎಂಜಿನ್, 1,50,000 ಬೋಗಿಗಳನ್ನು ಒಪ್ಪಿಸಬೇಕೆಂಬ ಷರತ್ತುಗಳಿದ್ದವು. ಸಡಿಲಿಕೆ ಸಿಗದಿದ್ದರೂ ಸಹಿ ಹಾಕಿ ಎಂದು ತಂತಿ ಕಳಿಸಿದವನು ಹಿಂಡೆನ್‌ಬರ್ಗ್. ಎರ್ಜ್‌ಬರ್ಗರ್‌ನನ್ನು 1921ರ ಆಗಸ್ಟ್ 26ರಂದು ಬಲಪಂಥೀಯರು ಗುಂಡಿಟ್ಟು ಕೊಂದರು. ಸೋಲದ ಸೇನೆಗೆ ಒಳಗಿನವರೇ ದ್ರೋಹ ಬಗೆದರು ಎಂಬ ‘ಬೆನ್ನಿಗೆ ಚೂರಿ’ಯ ಆರೋಪವನ್ನು ಸಮಾಜವಾದಿಗಳ ಮೇಲೆ, ಆಮೇಲೆ ಯಹೂದಿಗಳ ಮೇಲೆ ಹೊರಿಸಲಾಯಿತು. ಅದೇ ಸೇನೆಯಲ್ಲಿ ಸುಮಾರು 1 ಲಕ್ಷ ಯಹೂದಿಗಳು ದುಡಿದು, 12 ಸಾವಿರ ಮಂದಿ ಸತ್ತಿದ್ದರು. ವಿಡಿಯೋದಲ್ಲಿ ಕೇಳಿದ ಮಾತು ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಯಿತು ಎಂಬುದು ಆ ಹುಡುಗನಿಗೆ ಗೊತ್ತಿರುವ ಸಾಧ್ಯತೆ ಕಡಿಮೆ. ಅದಕ್ಕೇ ಅವನನ್ನು ಗದರಬೇಡಿ.

ತರಗತಿಯಲ್ಲಿ ಏನು ಮಾಡಬಹುದು? ‘ಅದು ಸುಳ್ಳು, ಬರೆದುಕೊಳ್ಳಿ’ ಎಂದರೆ ಸಮಯ ಉಳಿಯುತ್ತದೆ, ಆದರೆ ನಕಾಶೆ ಅವನ ಪರ ಇದ್ದಂತೆ ಕಾಣುವುದರಿಂದ ಅನುಮಾನವೂ ಉಳಿಯುತ್ತದೆ. ‘ಕೈಸರ್ ಬೇಗ ಇಳಿದಿದ್ದರೆ’ ಎಂಬ ಚರ್ಚೆಗೆ ಮಕ್ಕಳು ಉತ್ಸಾಹದಿಂದ ಬರುತ್ತಾರೆ. ಅದರ ಅಪಾಯವೆಂದರೆ, ಆಗಿದ್ದು ಗಟ್ಟಿಯಾಗುವ ಮೊದಲೇ ಆಗದಿದ್ದುದರ ಕಲ್ಪನೆ ಶುರುವಾಗುತ್ತದೆ. ಆದ್ದರಿಂದ ಮೊದಲು ಹಲಗೆಯ ಮೇಲೆ ಎರಡು ಸಾಲು ಎಳೆಯಿರಿ, ಒಂದು ರಣರಂಗಕ್ಕೆ, ಒಂದು ಬೀದಿಗೆ. ಮಾರ್ಚ್ 21ರಿಂದ ನವೆಂಬರ್ 11ರವರೆಗಿನ ದಿನಾಂಕಗಳನ್ನು ಮಕ್ಕಳಿಂದಲೇ ತುಂಬಿಸಿ. ಜನವರಿ ಮುಷ್ಕರವನ್ನು ಬಿಡಬೇಡಿ, ಬಿಟ್ಟರೆ ನೀವು ಬೇಕಾದ್ದನ್ನಷ್ಟೇ ಆರಿಸಿದಿರಿ ಎಂದಾಗುತ್ತದೆ. ಅದರ ಎರಡು ತಿಂಗಳ ಮೇಲೆ ಸೇನೆ ಯುದ್ಧದ ಅತಿ ದೊಡ್ಡ ದಾಳಿ ನಡೆಸಿತು ಎಂಬುದು ಆ ಸಾಲಿನಲ್ಲೇ ಕಾಣುತ್ತದೆ.

ಆಮೇಲೆ ಹಿಂಡೆನ್‌ಬರ್ಗ್‌ನ ಎರಡು ಹೇಳಿಕೆಗಳನ್ನು ಓದಿಸಿ. ಮೊದಲನೆಯದು 1918ರ ಅಕ್ಟೋಬರ್ 3ರಂದು ಅವನು ಚಾನ್ಸಲರ್‌ಗೆ ಬರೆದ ಪತ್ರ. ಬಾಲ್ಕನ್‌ನ ಮೆಸಿಡೋನಿಯಾ ರಣರಂಗ ಕುಸಿದಿದೆ, ಪಶ್ಚಿಮದಲ್ಲಿ ಮೀಸಲು ಪಡೆ ಕರಗಿದೆ, ನಷ್ಟ ತುಂಬಲಾಗುತ್ತಿಲ್ಲ, ಶತ್ರುವನ್ನು ಶಾಂತಿಗೆ ಒಪ್ಪಿಸುವ ಭರವಸೆ ಇಲ್ಲ, ತಡವಾದ ಒಂದೊಂದು ದಿನಕ್ಕೂ ಸಾವಿರಾರು ಜೀವ ಹೋಗುತ್ತಿದೆ ಎನ್ನುತ್ತದೆ ಅದು. ಸೇನೆ ಇನ್ನೂ ಗಟ್ಟಿಯಾಗಿ ನಿಂತಿದೆ ಎಂಬ ವಾಕ್ಯವೂ ಅದರಲ್ಲಿದೆ; ಹಲವರು ಅದೊಂದನ್ನೇ ಕತ್ತರಿಸಿ ತೋರಿಸುತ್ತಾರೆ, ಹಾಗಾಗಿ ಪತ್ರವನ್ನು ಪೂರ್ತಿ ಓದಿಸಿ. ಎರಡನೆಯದು 1919ರ ನವೆಂಬರ್ 18ರಂದು ಸಂಸತ್ತಿನ ತನಿಖಾ ಸಮಿತಿಯ ಮುಂದೆ ಅವನು ಕೊಟ್ಟ ಹೇಳಿಕೆ. ಸೇನೆಯ ಬೆನ್ನಿಗೆ ಇರಿಯಲಾಯಿತು ಎಂದು ಇಂಗ್ಲಿಷ್ ಜನರಲ್ ಒಬ್ಬ ಹೇಳಿದ್ದು ಸರಿ ಎಂದ. ಯಾರ ಹೆಸರು ಇದಕ್ಕೆ ಅಂಟಿತೋ ಆ ಜನರಲ್ ಮಾರಿಸ್ ತಾನು ಹಾಗೆ ಹೇಳಿಯೇ ಇಲ್ಲ ಎಂದು ನಿರಾಕರಿಸಿದ. ಎರಡು ಹೇಳಿಕೆಗಳ ನಡುವೆ ಹದಿಮೂರೂವರೆ ತಿಂಗಳಿವೆ. ಮೊದಲನೆಯದನ್ನು ಬರೆದಾಗ ಕೀಲ್‌ನಲ್ಲಿ ಒಬ್ಬ ನಾವಿಕನೂ ಆಜ್ಞೆ ಮೀರಿರಲಿಲ್ಲ. ಪತ್ರ ಯಾವ ದಿನ ಬರೆದದ್ದು, ಸಹಿ ಯಾರದು ಎಂದು ನಿಮ್ಮ ಆ ವಿದ್ಯಾರ್ಥಿಯಿಂದಲೇ ಗಟ್ಟಿಯಾಗಿ ಓದಿಸಿ.